ನೋಡ್ಲೇಬೇಕಾದ ಜಾಗಗಳು: ಹೆಗಡೆಕಟ್ಟಾದಿಂದ

1/7

ಯುಗಾದಿ ಹೊತ್ತಿಗೆ ನಮ್ಮ ಕ್ಲಾಸಿನ ಗ್ರೂಪಲ್ಲಿ ಒಂದು ಲಿಸ್ಟ್ ಬಂದಿತ್ತು, ನೆನಪಿದ್ಯಾ? 'ಭಾರತದಲ್ಲಿ ನೋಡ್ಲೇಬೇಕಾದ 25 ಜಾಗಗಳು.' ತಾಜ್ ಮಹಲ್, ಲಡಾಖ್, ಕೇರಳದ ಹಿನ್ನೀರು, ವಾರಾಣಸಿ... ಕರ್ನಾಟಕದಿಂದ ಹಂಪಿ ಒಂದೇ. ಹಂಪಿ ಬಗ್ಗೆ ನಂಗೆ ತಕರಾರಿಲ್ಲ. ಆದ್ರೆ ನಮ್ಮ ಕಡೆದು ಒಂದೂ ಇಲ್ವಾ ಅಂತ ಕೇಳಿದ್ದಕ್ಕೆ 'ನಿಮ್ಮ ಕಡೆ ಅಂದ್ರೆ ಎಲ್ಲಿ?' ಅಂತ ಉತ್ತರ ಬಂತು. ಮೂರು ವರ್ಷ ಒಂದೇ ಬೆಂಚಲ್ಲಿ ಕೂತವರು ಮಾರಾಯ್ರೆ!

ನಮ್ಮ ಕಡೆ ಅಂದ್ರೆ ಹೆಗಡೆಕಟ್ಟಾ. ಶಿರಸಿ ತಾಲ್ಲೂಕು, ಉತ್ತರ ಕನ್ನಡ ಜಿಲ್ಲೆ. ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ, ಅದರಾಚೆ ಕಾಡು.

ದೊಡ್ಡ ಲಿಸ್ಟುಗಳಲ್ಲಿ ನಾವು ಇಲ್ಲದೇ ಇರೋದು ಹೊಸದೇನಲ್ಲ ಬಿಡಿ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ಜಾಗಗಳನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಅದರಲ್ಲಿ ಕರ್ನಾಟಕದವು 10, ಎಲ್ಲಾ ಕೊಡಗು, ಕುದುರೆಮುಖ, ಆಗುಂಬೆ ಕಡೆಯವು. ಉತ್ತರ ಕನ್ನಡದ್ದು ಒಂದೂ ಇಲ್ಲ.

'ಹಂಗಾದ್ರೆ ನಿಂದೇ ಒಂದು ಲಿಸ್ಟ್ ಹಾಕು' ಅಂದ್ರಿ. ಹಾಕ್ತಾ ಇದ್ದೇನೆ. ಏಳು ಪೋಸ್ಟ್. ಮೊದಲ ಫೋಟೋ ಯಾವ ಜಲಪಾತದ್ದೂ ಅಲ್ಲ, ನಮ್ಮನೆ ಜಗಲಿದು. ಯಾಕೆ ಅಂತ ಮುಂದಿನದರಲ್ಲಿ.

2/7

ಜಗಲಿ ಮೇಲೆ ಕೂತಿರೋದು ನಮ್ಮ ಅಮ್ಮಮ್ಮ. ವಯಸ್ಸು 74. ನಮ್ಮನೆ ರಸ್ತೆಗೆ ತಾಗಿಯೇ ಇದೆ. ಶಿರಸಿಯಿಂದ ಯಾಣಕ್ಕೆ ಹೋಗೋರಲ್ಲಿ ಎಷ್ಟೋ ಜನ ನಮ್ಮೂರ ಮೇಲೇ ಹಾಯ್ತಾರೆ. ಗಾಡಿ ನಿಲ್ಲುತ್ತೆ, ಗಾಜು ಇಳಿಯುತ್ತೆ, 'ಅಜ್ಜಿ, ಯಾಣಕ್ಕೆ ಯಾವ ಕಡೆ?' ಅಮ್ಮಮ್ಮ ಕೈ ಎತ್ತಿ ತೋರಿಸ್ತಾಳೆ. 'ಹಿಂಗೇ ಸೀದಾ ಹೋಗಿ, ನಡುವೆ ಒಂದ್ಸಲ ಕೇಳ್ಕಳಿ.' ಮುಖ ಬಾಡಿದ್ರೆ ಒಳಗೆ ಕರೆದು ಮಜ್ಜಿಗೆ ಕೊಡ್ತಾಳೆ. 'ನಮ್ಮೂರ ಮಂದಾರ ಹೂವೇ' ಸಿನಿಮಾ ಬಂದ ಮೇಲಂತೂ ದಿನಾ ಜನ ಅಂತೆ, ನಾನಿನ್ನೂ ಹುಟ್ಟಿರಲಿಲ್ಲ. ಈಗ ಎಲ್ಲರ ಹತ್ರ ಮ್ಯಾಪ್ ಇದೆ. ಆದ್ರೆ ನೆಟ್‌ವರ್ಕ್ ಹೋದ ಮೇಲೆ ಮತ್ತೆ ಅವಳೇ.

ಲಿಸ್ಟ್ ಬರೆಯೋಕೆ ಕೂತಾಗ ಸುಮ್ನೆ ಕೇಳಿದೆ, 'ಅಮ್ಮಮ್ಮ, ನೀ ಯಾಣ ನೋಡಿದ್ದು ಯಾವಾಗ?'

ನೋಡೇ ಇಲ್ಲ!

ನಲವತ್ತಕ್ಕೂ ಹೆಚ್ಚು ವರ್ಷದಿಂದ ಊರವರಿಗೆಲ್ಲ ದಾರಿ ಹೇಳ್ತಾ ಬಂದವಳು, ಗಾಡಿಯಲ್ಲಿ ಒಂದು ತಾಸಿನೊಳಗಿನ ಯಾಣವನ್ನ ಒಂದ್ಸಲವೂ ನೋಡಿಲ್ಲ. ನಮ್ಮ ಕಡೆ ಒಂದು ಗಾದೆ ಇದೆ, 'ಸೊಕ್ಕಿದ್ದವಗೆ ಯಾಣ, ರೊಕ್ಕಿದ್ದವಗೆ ಗೋಕರ್ಣ' ಅಂತ. ಅಂದ್ರೆ ಯಾಣ ಹತ್ತೋಕೆ ಮೈಯಲ್ಲಿ ಕಸುವು ಬೇಕು, ಗೋಕರ್ಣದಲ್ಲಿ ಕರ್ಮಾಂತರ ಮಾಡಿಸೋಕೆ ದುಡ್ಡು ಬೇಕು. ಅಮ್ಮಮ್ಮ ಅದನ್ನೇ ಹಿಡಿದು ನಕ್ಕಳು. 'ಯಂಗೆ ಸೊಕ್ಕೂ ಇಲ್ಲೆ, ರೊಕ್ಕೂ ಇಲ್ಲೆ ಕೂಸೆ. ಆನು ಎಲ್ಲಿಗೆ ಹೋಗವು?'

ನಗು ಬಂತು. ಆಮೇಲೆ ಲೆಕ್ಕ ಹಾಕಿದೆ. ಮಳೆಗಾಲದಲ್ಲಿ ತೋಟಕ್ಕೆ ಕೊಳೆ ಔಷಧ ಹೊಡೆಯೋರಿಗೆ ಅಡುಗೆ. ದೀಪಾವಳಿ ಕಳೆದ ಮೇಲೆ ಕೊನೆಕೊಯ್ಲು, ಅಡಿಕೆ ಸುಲಿಯೋದು, ಬೇಯಿಸೋದು, ಒಣಗಿಸೋದು. ಆಮೇಲೆ ಆಲೆಮನೆ, ತೊಡದೇವು, ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ. ಇದರ ನಡುವೆ ದಿನಕ್ಕೆ ಎರಡು ಸಲ ಆಕಳು. ಪುರುಸೊತ್ತು ಎಲ್ಲಿತ್ತು?

ಇನ್ನೊಂದು ವಿಷಯ ಇದೆ, ಹೇಳೋಕೆ ನಾಚಿಕೆ. ಪಿಯುಸಿ ರಜೆಯಲ್ಲಿ ನಾನು ಸ್ಕೂಟಿ ತಗೊಂಡು ಗೆಳತಿಯರ ಜೊತೆ ಎರಡು ಸಲ ಯಾಣಕ್ಕೆ ಹೋಗಿದ್ದೆ. ಎರಡನೇ ಸಲ ಹೊರಟಾಗ ಅಮ್ಮಮ್ಮ ಬಾಗಿಲಲ್ಲಿ ನಿಂತು 'ಗಾಡಿಲಿ ಯಂಗೆ ಕೂಪಲೆ ಆಗ್ತಿಲ್ಯಾ?' ಅಂದಿದ್ದಳು. ತಮಾಷೆಗೆ ಅಂದಳು ಅಂದ್ಕೊಂಡು 'ಮುಂದಿನ ಸಲ' ಅಂದು ಹೊರಟಿದ್ದೆ. ಆಗ ಅವಳ ಮೊಣಕಾಲು ಚೆನ್ನಾಗಿತ್ತು.

3/7

ಏಪ್ರಿಲ್ ಕೊನೆಯ ವಾರ ಹೋದ್ವಿ. ಮಾವನ ಕಾರು, ಮುಂದೆ ಅಮ್ಮಮ್ಮ, ಹಿಂದೆ ನಾನು, ಆಯಿ, ಮತ್ತೆ ಒಂದು ಬುತ್ತಿ ಚೀಲ. ಹಾಲು ಕರಿಯೋದು ಪಕ್ಕದ ಮನೆಯವರು ಒಪ್ಪಿಕೊಂಡಿದ್ರು. ಅದನ್ನ ಅವರಿಗೆ ನಾಲ್ಕು ಸಲ ಹೇಳಿ ಬಂದಿದ್ದಳು, ಆದ್ರೂ ದಾರಿಯಲ್ಲಿ ಐದನೇ ಸಲ ಫೋನ್ ಮಾಡಿಸಿದಳು.

ಗಾಡಿ ನಿಲ್ಲಿಸಿ ಕಾಡೊಳಗೆ ನಡೀಬೇಕು, ಕೊನೆಗೆ ಮೆಟ್ಟಿಲು. ಅಮ್ಮಮ್ಮ ಮೊದಲು ನೋಡಿದ್ದು ಬಂಡೆನೂ ಅಲ್ಲ, ಬೋರ್ಡೂ ಅಲ್ಲ, ದಾರಿ ಮೇಲೆ ಬಿದ್ದ ಮುರುಗಲು ಹಣ್ಣು. ಜನ ತುಳಿದು ತುಳಿದು ನೆಲ ಕೆಂಪಾಗಿತ್ತು. 'ಇಷ್ಟೂ ಹಣ್ಣು ಹಾಳು!' ಅಂತ ತುಳಿಯದೇ ಉಳಿದಿದ್ದನ್ನ ಹೆಕ್ಕಿ ಸೆರಗಿಗೆ ಹಾಕೋಕೆ ಶುರು ಮಾಡಿದಳು. ಹಿಂದೆ ಬರ್ತಿದ್ದ ಹುಡುಗರು ಇದೇನೋ ಪೂಜೆ ಅಂದ್ಕೊಂಡ್ರೋ ಏನೋ, ಬದಿಗೆ ಸರಿದು ನಿಂತ್ರು.

ಮೆಟ್ಟಿಲು ಅರ್ಧಕ್ಕೆ ಬಂದಾಗ ಮೊಣಕಾಲು ಕೈಕೊಟ್ಟಿತು. ಕೂತಳು. 'ನೀವು ಹೋಗಿ ಬನ್ನಿ, ಆನು ಇಲ್ಲೇ ಇರ್ತಿ' ಅಂದಳು. ನಾನೂ ಪಕ್ಕದಲ್ಲೇ ಕೂತೆ. ಅಷ್ಟರಲ್ಲಿ ಕೆಳಗಿಂದ ಏದುಸಿರು ಬಿಡ್ತಾ ಒಂದು ಸಂಸಾರ ಬಂತು. ಸೀದಾ ಅಮ್ಮಮ್ಮನ ಹತ್ರ ನಿಂತು, 'ಅಜ್ಜಿ, ಇನ್ನೂ ಎಷ್ಟು ದೂರ?'

ಅವಳಿಗೂ ಗೊತ್ತಿಲ್ಲ! ಆದ್ರೂ ಕೈ ಎತ್ತಿ ತೋರಿಸಿದಳು. 'ಬಂತು, ಇಲ್ಲೇ ಸ್ವಲ್ಪ.'

ಅವರು ಹೋದ ಮೇಲೆ ಇಬ್ಬರಿಗೂ ನಗು ತಡೆಯೋಕಾಗಲಿಲ್ಲ. ನಕ್ಕು ಮುಗಿದ ಮೇಲೆ ಅವಳೇ ಎದ್ದಳು. 'ಆನೇ ಹೇಳಿದ್ದಿ ಅಲ್ದಾ, ಹೋಪನ.' ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಆಯಿಯ ಹೆಗಲ ಮೇಲೆ. ಒಂದು ಮೆಟ್ಟಿಲಿಗೆ ಒಂದು ನಿಮಿಷ.

ನಿಮಗಾಗಿ ವಿವರ: ಯಾಣದ ಎರಡು ದೊಡ್ಡ ಬಂಡೆಗಳು ಭೈರವೇಶ್ವರ ಶಿಖರ ಮತ್ತು ಮೋಹಿನಿ ಶಿಖರ. ಮೊದಲನೆಯದು ಸುಮಾರು 120 ಮೀಟರ್, ಎರಡನೆಯದು ಸುಮಾರು 90 ಮೀಟರ್. ಅದು ಸುಣ್ಣದ ಕಲ್ಲು, ಆದ್ರೆ ಕಪ್ಪು. ಭಸ್ಮಾಸುರ ಮೋಹಿನಿಯ ಮಾತಿಗೆ ಮರುಳಾಗಿ ತನ್ನ ತಲೆ ಮೇಲೆ ತಾನೇ ಕೈಯಿಟ್ಟು ಬೂದಿಯಾದ, ಅದಕ್ಕೇ ಇಲ್ಲಿ ಎಲ್ಲ ಕಪ್ಪು ಅಂತ ಕಥೆ. ಬಂಡೆಯ ಮೈಗೆ ಹೆಜ್ಜೇನು ಕಟ್ಟಿರ್ತವೆ. ದಯವಿಟ್ಟು ಅಲ್ಲಿ ಕಿರುಚಬೇಡಿ, ಹೊಗೆ ಹಾಕಬೇಡಿ, ಡ್ರೋನ್ ಹಾರಿಸೋಕಂತೂ ಹೋಗ್ಲೇಬೇಡಿ. ಬುಡದಲ್ಲಿ ಭೈರವೇಶ್ವರನ ಗುಡಿ. ಗುಹೆಯಲ್ಲಿ ಲಿಂಗದ ಮೇಲೆ ಬಂಡೆಯಿಂದ ನೀರು ಜಿನುಗ್ತಾ ಇರುತ್ತೆ.

ಅಮ್ಮಮ್ಮ ಬುಡದಲ್ಲಿ ನಿಂತು ಕತ್ತು ಎತ್ತಿದಳು. ಬಹಳ ಹೊತ್ತು ಏನೂ ಮಾತಿಲ್ಲ. ನಾನು ಫೋನ್ ಹಿಡಿದು ವಿಡಿಯೋ ಮಾಡ್ತಾ ಕಾಯ್ತಾ ಇದ್ದೆ, ಏನಾದ್ರೂ ಹೇಳ್ತಾಳೆ ಅಂತ. ಕೊನೆಗೆ ಅಂದಳು:

'ಹಂಗಾರೆ ಆನು ಹೇಳಿದ ದಾರಿ ಸರಿ ಇತ್ತು.'

ಆ ವಿಡಿಯೋ ಹಾಕಲ್ಲ, ಕೇಳಬೇಡಿ. ಬಂಡೆ ಹಿಂದಿನ ಸಂದಿಗೆ ಹತ್ತೋಕೆ ಅವಳಿಂದ ಆಗಲಿಲ್ಲ. ಮೂರು ವರ್ಷ ಹಿಂದೆ ಆಗ್ತಿತ್ತು.

4/7

ವಾಪಸ್ ಬರ್ತಾ ಕಾಡು ನೋಡ್ತಾ ಅಮ್ಮಮ್ಮ ಅಪ್ಪಿಕೋ ಕಥೆ ತೆಗೆದಳು. ನಮ್ಮದೇ ತಾಲ್ಲೂಕಿನ ಸಾಲ್ಕಣಿ. 1983ರ ಸೆಪ್ಟೆಂಬರ್ 8. ಕಾಡು ಕಡಿಯೋಕೆ ಬಂದವರ ಮುಂದೆ ಊರಿನ ಹೆಂಗಸರು, ಹುಡುಗರು ಮರ ಅಪ್ಪಿಕೊಂಡು ನಿಂತ್ರು. ಹಿಮಾಲಯದ ಚಿಪ್ಕೋಗೆ ನಮ್ಮ ಕಡೆಯ ಉತ್ತರ ಅದು, ಪಾಂಡುರಂಗ ಹೆಗಡೆ ಅವರ ಹೆಸರು ಕೇಳಿರ್ತೀರಿ. ನಮ್ಮ ಪರಿಸರ ಅಧ್ಯಯನ ಪುಸ್ತಕದಲ್ಲಿ ಅದು ಎರಡು ಸಾಲು. ಅಮ್ಮಮ್ಮನಿಗೆ ಅದು 'ಆ ವರ್ಷ ನಮ್ಮ ಗೌರಿ ಕರು ಹಾಕಿತ್ತು, ಹೋಪಲಾಜಿಲ್ಲೆ'. ಎಲ್ಲಿಗೂ ಹೋಗದೇ ಇದ್ದದ್ದಕ್ಕೆ ಪ್ರತಿ ಸಲ ಒಂದು ಆಕಳು ಇದ್ದೇ ಇರುತ್ತೆ.

ಆ ಕಾಡು ಜಲಪಾತದ ಹಾಗೆ ಒಂದು ಕಡೆ ನಿಂತು ನೋಡೋ ಜಾಗ ಅಲ್ಲ. ಆದ್ರೂ ನನ್ನ ಲಿಸ್ಟಲ್ಲಿ ಎರಡನೇದು ಅದೇ.

5/7

ಮೂರನೇದು ಸಹಸ್ರಲಿಂಗ. ಶಿರಸಿಯಿಂದ ಯಲ್ಲಾಪುರ ದಾರಿಯಲ್ಲಿ ಸುಮಾರು 17 ಕಿ.ಮೀ. ಶಾಲ್ಮಲಾ ನದಿಯ ಬಂಡೆಗಳ ಮೇಲೆಲ್ಲ ಲಿಂಗ, ಲಿಂಗದೆದುರು ನಂದಿ. ಸೋದೆಯ ಅರಸ ಸದಾಶಿವರಾಯ (1678–1718) ಕೆತ್ತಿಸಿದ್ದು ಅಂತಾರೆ. ಮಳೆಗಾಲದಲ್ಲಿ ಹೋದ್ರೆ ಬರೀ ಕೆಂಪು ನೀರು ಕಾಣುತ್ತೆ. ಡಿಸೆಂಬರ್‌ನಿಂದ ಮೇ ಒಳಗೆ ಹೋಗಿ.

ಅಮ್ಮಮ್ಮನ ತವರು ಭೈರುಂಬೆ ಕಡೆ, ಹಾಗಾಗಿ ಇದು ಅವಳಿಗೆ 'ನೋಡೋ ಜಾಗ' ಅಲ್ಲ. ಶಿವರಾತ್ರಿಗೆ ನಡ್ಕೊಂಡು ಹೋಗ್ತಿದ್ರಂತೆ. ಇಲ್ಲಿ ಯಾರು ಬೇಕಾದ್ರೂ ಯಾವ ಲಿಂಗಕ್ಕೆ ಬೇಕಾದ್ರೂ ತಾವೇ ನೀರು ಹಾಕಿ ಪೂಜೆ ಮಾಡಬಹುದು. ಅಕ್ಕ ತಂಗಿಯರು ಐದು ಜನ, ಒಬ್ಬೊಬ್ಬರಿಗೆ ಒಂದೊಂದು ಲಿಂಗ ಅಂತ ಹಂಚಿಕೊಂಡಿದ್ರಂತೆ. ಅವಳದ್ದು ಯಾವುದು ಅಂತ ಈಗ್ಲೂ ತೋರಿಸ್ತಾಳೆ, ಮೂಗು ಸವೆದ ನಂದಿಯ ಪಕ್ಕದ್ದು. ಐವರಲ್ಲಿ ಈಗ ಇಬ್ಬರು ಇದ್ದಾರೆ.

ನೀವು ಹೋದ್ರೆ ಒಂದು ಮಾತು. ಬಂಡೆ ಜಾರುತ್ತೆ. ಲಿಂಗದ ಮೇಲೆ ಕಾಲಿಟ್ಟು ರೀಲ್ಸ್ ಮಾಡೋರನ್ನ ನಾನೇ ನೋಡಿದ್ದೇನೆ. ನಮ್ಮ ಕ್ಲಾಸಿನವರು ಅದರಲ್ಲಿ ಇರಬಾರದು.

6/7

ನೀರಿನ ಜಾಗಗಳನ್ನ ಬೇಗ ಹೇಳಿ ಮುಗಿಸ್ತೇನೆ, ಫೋಟೋ ಎಲ್ಲರ ಪೇಜಲ್ಲೂ ಇವೆ.

ಉಂಚಳ್ಳಿ, ಸಿದ್ದಾಪುರ ತಾಲ್ಲೂಕು. ಅಘನಾಶಿನಿ ಅಲ್ಲಿ 116 ಮೀಟರ್ ಬೀಳುತ್ತೆ. 1845ರಲ್ಲಿ ಲಷಿಂಗ್ಟನ್ ಅನ್ನೋ ಬ್ರಿಟಿಷ್ ಕಲೆಕ್ಟರ್ 'ಕಂಡುಹಿಡಿದ' ಅಂತ ಅವನ ಹೆಸರಲ್ಲೂ ಕರೀತಾರೆ. ಅವನಿಗೂ ಯಾವುದೋ ಅಮ್ಮಮ್ಮನೇ ದಾರಿ ಹೇಳಿರಬೇಕು. ನಮ್ಮವರು ಇಟ್ಟ ಹೆಸರು ಕೆಪ್ಪ ಜೋಗ, ಅಷ್ಟು ಸದ್ದು. ಅಘನಾಶಿನಿ ಹುಟ್ಟಿದಲ್ಲಿಂದ ಕುಮಟಾ ಹತ್ರ ಸಮುದ್ರ ಸೇರೋ ತನಕ ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಹರಿಯುತ್ತೆ. ಅದೇ ನಂಗೆ ಜಲಪಾತಕ್ಕಿಂತ ದೊಡ್ಡ ವಿಷಯ.

ಯಲ್ಲಾಪುರದಲ್ಲಿ ಮಾಗೋಡು ಮತ್ತೆ ಸಾತೊಡ್ಡಿ. ಮಾಗೋಡಲ್ಲಿ ಬೇಡ್ತಿ ನದಿ ಎರಡು ಹಂತವಾಗಿ ಬೀಳುತ್ತೆ, ದೂರದಿಂದ ನೋಡ್ಬೇಕು. ಸಾತೊಡ್ಡಿ ಚಿಕ್ಕದು, ಸುಮಾರು 15 ಮೀಟರ್, ಹತ್ರ ಹೋಗಬಹುದು. ಬೇಡ್ತಿಗೆ ಅಣೆಕಟ್ಟು ಕಟ್ಟೋ ಯೋಜನೆ 1980ರ ಆಸುಪಾಸಲ್ಲಿ ಜನರ ವಿರೋಧಕ್ಕೆ ನಿಂತುಹೋಗಿತ್ತು. ಈಗ ಅದರ ನೀರನ್ನ ವರದಾ ನದಿಗೆ ತಿರುಗಿಸೋ ಮಾತು ನಡೀತಿದೆ. ನೋಡೋರು ಬೇಗ ನೋಡಿ ಅಂತ ಹೇಳೋಕೆ ಬೇಜಾರು.

ಯಾವ ಜಲಪಾತವಾದ್ರೂ ಸರಿ, ಮಳೆಗಾಲದಲ್ಲಿ ನೀರಿಗೆ ಇಳಿಬೇಡಿ. ಮೇಲೆ ಘಟ್ಟದಲ್ಲಿ ಮಳೆಯಾದದ್ದು ಕೆಳಗೆ ನಿಂತವರಿಗೆ ಗೊತ್ತಾಗಲ್ಲ.

ಇನ್ನೊಂದು. ಒಬ್ಬರು ಕಾಮೆಂಟಲ್ಲಿ 'ಯಲ್ಲಾಪುರಕ್ಕೆ ಹೋದ್ರೆ ಸಿದ್ದಿ ಜನರನ್ನ ನೋಡಬಹುದಂತೆ' ಅಂತ ಬರೆದಿದ್ರಿ. ನೋಡೋಕೆ ಅವರೇನು ಜಲಪಾತವಾ? ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು, ನಮ್ಮ ಜಿಲ್ಲೆಯಲ್ಲಿ 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು, ನಾನು ಹೈಸ್ಕೂಲಲ್ಲಿ ಜೊತೆಗೆ ಕಬಡ್ಡಿ ಆಡಿ ಸೋತವರು. ನನ್ನ ಗೆಳತಿ ಒಬ್ಬಳು ಹೇಳ್ತಿದ್ದಳು, ಬಸ್ ಸ್ಟ್ಯಾಂಡಲ್ಲಿ ಕೇಳದೇ ಕೂದಲ ಫೋಟೋ ತೆಗೀತಾರೆ ಅಂತ. ಡಮಾಮಿ ಕುಣಿತ ಇದ್ದಾಗ ಕರೆದ್ರೆ ಹೋಗಿ, ಕೂತು ನೋಡಿ, ಊಟ ಮಾಡಿ ಬನ್ನಿ. ಲಿಸ್ಟಲ್ಲಿ ಮನುಷ್ಯರನ್ನ ಹಾಕ್ಬೇಡಿ.

7/7

ಉಳಿದಿದ್ದು ಎರಡು. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ಬೇಡರ ವೇಷ. ರಾತ್ರಿಯಿಡೀ ತಮಟೆ, ಬೆನ್ನಿಗೆ ನವಿಲುಗರಿ ಕಟ್ಟಿದ ಬೇಡ, ಅವನನ್ನ ಹಗ್ಗ ಕಟ್ಟಿ ಹಿಡಿದವರು. ಯಾವ ವರ್ಷ ಬಂದ್ರೂ ಒಂದು ಸಿಕ್ಕೇ ಸಿಗುತ್ತೆ. ಬನವಾಸಿ ವರ್ಷಪೂರ್ತಿ ಇದೆ: ಕದಂಬರ ರಾಜಧಾನಿ, ಮಧುಕೇಶ್ವರ ದೇವಸ್ಥಾನ, ವರದಾ ನದಿ. ಪಂಪ ಮನಸೋತ ಊರು. ಅಲ್ಲಿಗೆ ಅಮ್ಮಮ್ಮ ಹೋಗಿದ್ದಾಳೆ, ಯಾರದೋ ಮದುವೆಗೆ. ದೇವಸ್ಥಾನಕ್ಕಿಂತ ಆ ಮದುವೆಯ ಹೋಳಿಗೆ ಚೆನ್ನಾಗಿ ನೆನಪಿದೆ.

ಯಾಣದಿಂದ ಬಂದ ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚುತ್ತಾ ಕೇಳಿದೆ, 'ಅಮ್ಮಮ್ಮ, ನೀ ನೋಡ್ಲೇಬೇಕು ಅಂತಿರೋದು ಇನ್ನೆಂತ ಇದ್ದು?' ಕಾಶಿ ಅಂತಾಳೆ ಅಂದ್ಕೊಂಡಿದ್ದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು.

'ನೀ ಇಪ್ಪ ಹಾಸ್ಟೆಲ್ಲು.'

ಮೂರು ವರ್ಷದಿಂದ ಫೋನಲ್ಲಿ ಕೇಳಿದ್ದಾಳೆ. ಯಾವ ಕಿಟಕಿ, ಯಾವ ಮರ, ಊಟದ ಮನೆ ಎಲ್ಲಿ, ಬಟ್ಟೆ ಎಲ್ಲಿ ಒಣಗಿಸ್ತೆ. ಹೇಳ್ತಾ ಹೋಗಿದ್ದೆ, ಅವಳು ಕೇಳ್ತಾ ಹೋಗಿದ್ದಳು. ಒಂದ್ಸಲವೂ ಬಾ ಅಂದಿರಲಿಲ್ಲ.

ಬರೋ ಭಾನುವಾರ ಆಯಿ ಜೊತೆ ಧಾರವಾಡಕ್ಕೆ ಬರ್ತಾಳೆ. ಆಕಳಿನ ವ್ಯವಸ್ಥೆ ಆಗಿದೆ. ಮುರುಗಲು ಶರಬತ್ತಿನ ಬಾಟ್ಲಿ ತರ್ತಾಳಂತೆ, ಯಾಣದಲ್ಲಿ ಹೆಕ್ಕಿದ ಹಣ್ಣಿಂದು, ಎಲ್ಲರಿಗೂ ಸಿಗುತ್ತೆ. ವಾರ್ಡನ್ ಮೇಡಂ ಸಂಜೆ ನಾಲ್ಕರಿಂದ ಆರು ಅಂದಿದ್ದಾರೆ. ನಾನು ಬಸ್ ಸ್ಟ್ಯಾಂಡಿಗೆ ಹೋಗಿರ್ತೇನೆ, ಆದ್ರೆ ಅವಳು ಹೇಳಿದ ಬಸ್ಸಿಗೆ ಬರೋಳಲ್ಲ, ಅದಕ್ಕಿಂತ ಮೊದಲಿನದಕ್ಕೇ ಬರ್ತಾಳೆ. ನೀಲಿ ಸೀರೆ, ಕೈಯಲ್ಲಿ ಬಟ್ಟೆ ಚೀಲ. ಗೇಟ್ ಹತ್ರ ಯಾರಿಗಾದ್ರೂ ಸಿಕ್ಕಿದ್ರೆ ದಾರಿ ತೋರಿಸಿ.

#ಹೆಗಡೆಕಟ್ಟಾ #ಶಿರಸಿ #ಯಾಣ #ಅಮ್ಮಮ್ಮ