ಅಡಕತ್ತರಿ ಮುಚ್ಚಿದ ಮೇಲೆ

ಲಾರಿಯಲ್ಲಿ ಕ್ಲೀನರ್ ಅಂತ ಒಬ್ಬನಿರುತ್ತಿದ್ದನಲ್ಲ, ಗಾಜು ಒರೆಸುವುದು ಬಿಟ್ಟರೆ ಅವನಿಗೇನು ಕೆಲಸವಿತ್ತು? ಈಗಿನ ಹುಡುಗರು ಕೇಳುವ ಪ್ರಶ್ನೆ ಇದು. ಕೇಳುವುದರಲ್ಲಿ ತಪ್ಪೂ ಇಲ್ಲ. ಅವರು ಕಂಡಿರುವುದು ಬೆನ್ನಿಗೆ ನಲವತ್ತಡಿ ಕಂಟೈನರ್ ಕಟ್ಟಿಕೊಂಡು ಪಣಂಬೂರಿನಿಂದ ಬೆಂಗಳೂರಿಗೆ ಒಬ್ಬನೇ ಹೊರಟ ಚಾಲಕನನ್ನು. ಶಿರಾಡಿ ಘಾಟಿಗೆ ಕಾಂಕ್ರೀಟು ಬೀಳುವ ಮುಂಚೆ, ಆ ದಾರಿಗಿನ್ನೂ ಹೆದ್ದಾರಿ 48 ಎಂಬ ಹೆಸರಿದ್ದಾಗ, ಸಕಲೇಶಪುರ ದಾಟಿದ ಲಾರಿ ಇಳಿಜಾರಿಗೆ ಮೂತಿ ಹಾಕುವ ಮೊದಲು ಒಂದು ಕಡೆ ನಿಲ್ಲುತ್ತಿತ್ತು. ಕ್ಲೀನರ್ ಇಳಿದು ಚಕ್ರಕ್ಕೆ ಮರದ ತುಂಡು ಕೊಟ್ಟು, ಸ್ಪ್ಯಾನರ್ ಹಿಡಿದು ಅಡಿಗೆ ತೂರಿ ಬ್ರೇಕ್ ಬಿಗಿ ಮಾಡುತ್ತಿದ್ದ, ಹವಾ ಟ್ಯಾಂಕಿನ ನೀರು ಬಸಿಯುತ್ತಿದ್ದ. ಆಮೇಲೆ ರಾಡಿನಿಂದ ಟೈರುಗಳನ್ನು ಒಂದೊಂದಾಗಿ ಬಡಿದು ಸದ್ದು ಕೇಳಿಸಿಕೊಳ್ಳುತ್ತಿದ್ದ. ಗಾಳಿ ಇಳಿದ ಟೈರು ಒಡಕು ಮಡಕೆಯ ಹಾಗೆ ಮಂಕಾಗಿ ನುಡಿಯುತ್ತದೆ. ಇಷ್ಟಾದರೂ ಘಾಟಿಯ ಬುಡದ ಗುಂಡ್ಯದಲ್ಲಿ ಗಾಳಿಯ ತುಂಬ ಬ್ರೇಕ್ ಲೈನರ್ ಸುಟ್ಟ ವಾಸನೆ. ಸುಟ್ಟ ರಬ್ಬರಿಗಿಂತ ಖಾರ, ಮೂಗಿನ ಬುಡದಲ್ಲೇ ಠಿಕಾಣಿ ಹೂಡುವಂಥದು. ಮಳೆ ಹೊಯ್ದರೂ ಹೋಗುತ್ತಿರಲಿಲ್ಲ, ಹೋಟೆಲಿನ ಚಹಾದಲ್ಲೂ ಅದೇ. ಇಳಿದು ಬಂದ ಭಾರದಲ್ಲಿ ಎಂಜಿನ್ ಹಿಡಿದದ್ದೆಷ್ಟು, ಬ್ರೇಕ್ ಹಿಡಿದದ್ದೆಷ್ಟು ಎಂಬ ಲೆಕ್ಕವನ್ನು ಬಲ್ಲವರು ಆ ವಾಸನೆಯಲ್ಲೇ ಓದುತ್ತಿದ್ದರು.

ಆ ಲೆಕ್ಕಕ್ಕೆ ಗುರು ಉಸ್ತಾದ್, ಎಂದರೆ ಲಾರಿಯ ಹಿರಿಯ ಚಾಲಕ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ ಎಂಬುದು ಅವನ ಮೊದಲ ಪಾಠ, ಹೆಚ್ಚುಕಡಿಮೆ ಕೊನೆಯದೂ ಅದೇ. ಅವನ ಕಾಲು ಬ್ರೇಕಿನ ಮೇಲೆ ಕೂತುಬಿಡುತ್ತಿರಲಿಲ್ಲ. ಒತ್ತಿ ಬಿಡುತ್ತ, ಒತ್ತಿ ಬಿಡುತ್ತ ಡ್ರಮ್ಮಿಗೆ ಆರಲು ಸಮಯ ಕೊಡುತ್ತಿದ್ದ. ಹೊರೆಯ ಚೌಕಾಸಿಯಲ್ಲೂ ಅವನ ಮಾತಿಗೆ ಬೆಲೆಯಿತ್ತು. ಬುಕಿಂಗ್ ಏಜೆಂಟ್ "ಇನ್ನೆರಡು ಟನ್ ಹಾಕ್ಕೊಳ್ಳಪ್ಪ" ಅಂದರೆ, "ಸ್ಪ್ರಿಂಗ್ ಪಾಟಾ ಆಗಲೇ ಕೂತಿದೆ ನೋಡಿ ಸಾಹುಕಾರ್ರೇ, ನಿಮ್ಮ ಬಾಡಿಗೆ ಘಾಟಿಯಲ್ಲೇ ಕರಗುತ್ತೆ" ಎನ್ನುವ ಗತ್ತು. ಕಡೆಗೆ ಒಂದು ಟನ್ನಿಗೆ ಕುದುರಿ, ಬತ್ತಾ ಒಂದಿಷ್ಟು ಏರುತ್ತಿತ್ತು. ಆ ಒಂದು ಟನ್ನೂ ಕಾನೂನು ಮೀರಿದ್ದೇ ಎಂಬುದನ್ನು ಮರೆತು ಹೊಗಳಿದರೆ ಅದು ನೆನಪಲ್ಲ, ಭಜನೆ. ಕ್ಲೀನರ್‌ಗಳಲ್ಲಿ ಮೀಸೆ ಮೂಡದ ಹುಡುಗರಿದ್ದರು, ಅವರಿಗೆ ಸಂಬಳಕ್ಕಿಂತ ಏಟೇ ಹೆಚ್ಚು. ಕಣಿವೆಗೆ ಉರುಳಿ ಮೇಲೆತ್ತಲಾಗದೆ ತುಕ್ಕು ಹಿಡಿದ ಲಾರಿಗಳೂ ಆ ಕಾಲದವೇ. ಕೆಲವು ರಾಜ್ಯ ಸರ್ಕಾರಗಳಂತೂ ಹಣ ಕಟ್ಟಿಸಿಕೊಂಡು ಹೆಚ್ಚು ಹೊರೆಗೆ ಕಾರ್ಡು ಬರೆದುಕೊಡುತ್ತಿದ್ದವು. ಅದನ್ನು 2005ರಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಬೇಕಾಯಿತು. ನನ್ನ ವಾದ ಆ ಕಾಲ ಚೆನ್ನಾಗಿತ್ತು ಎಂಬುದಲ್ಲ. ಆಗ ಒಂದೇ ಅಚ್ಚಿನ ಗಟ್ಟಿ ಬಂಡಿಯನ್ನು ಎರಡು ಮೂರು ಜೋಡಿ ಕಣ್ಣು ಕಾಯುತ್ತಿದ್ದವು. ಈಗ ಬಂಡಿ ಎರಡು ತುಂಡಾಗಿದೆ, ಕಣ್ಣು ಒಂದೇ ಜೋಡಿಗೆ ಇಳಿದಿದೆ, ಕಾನೂನಿನ ಬೆರಳು ಆ ಒಂದು ಜೋಡಿಯತ್ತಲೇ ಚಾಚಿಕೊಂಡಿದೆ.

ಎರಡು ತುಂಡು ಎಂದದ್ದು ಅಲಂಕಾರಕ್ಕಲ್ಲ. ಟ್ರೈಲರಿನಲ್ಲಿ ಎಂಜಿನ್ ಇರುವ ಮುಂಭಾಗ ಬೇರೆ, ಹೊರೆ ಹೊರುವ ಹಿಂಭಾಗ ಬೇರೆ; ನಡುವೆ ಕಿಂಗ್‌ಪಿನ್ ಎಂಬ ಒಂದು ಉಕ್ಕಿನ ಗೂಟ. ಒದ್ದೆ ರಸ್ತೆಯ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಮುಂಭಾಗದ ಹಿಂಚಕ್ರಗಳು ಉರುಳುವುದನ್ನು ಬಿಟ್ಟು ಕಚ್ಚಿ ನಿಂತವೆನ್ನಿ. ಕಚ್ಚಿದ ಚಕ್ರಕ್ಕೆ ಪಕ್ಕಕ್ಕೆ ಜಾರುವುದನ್ನು ತಡೆಯುವ ಹಿಡಿತ ಇರುವುದಿಲ್ಲ. ಹಿಂದಿನ ಭಾರ ಮಾತ್ರ ಬಂದ ವೇಗದಲ್ಲೇ ಮುಂದಕ್ಕೆ ನೂಕುತ್ತದೆ, ಗೂಟದ ಸುತ್ತ ಎರಡೂ ಭಾಗ ಅಡಕತ್ತರಿಯ ಹಾಗೆ ಮುಚ್ಚಿಕೊಳ್ಳುತ್ತವೆ. ಒಂದು ಕೋನ ದಾಟಿದ ಮೇಲೆ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೂ ಅಷ್ಟೆ. ಟ್ರೈಲರಿನ ಚಕ್ರಗಳೇ ಮೊದಲು ಕಚ್ಚಿದರೆ ಬಾಲವೇ ಬೀಸಿ ಎದುರಿನ ಸಾಲಿಗೆ ಬರುತ್ತದೆ. ವಿಚಿತ್ರವೆಂದರೆ ಖಾಲಿ ಟ್ರೈಲರಿನಲ್ಲಿ ಈ ಅಪಾಯ ಹೆಚ್ಚು: ಬ್ರೇಕಿನ ಬಲ ತುಂಬಿದ ಹೊರೆಗೆ ತಕ್ಕದ್ದು, ಹಗುರಾದ ಚಕ್ರ ಬೇಗ ಕಚ್ಚಿಕೊಳ್ಳುತ್ತದೆ. ಇಲ್ಲಿ ಉಸ್ತಾದನ ಪಾಠವೂ ಅರ್ಧಕ್ಕೆ ನಿಲ್ಲುತ್ತದೆಂದು ಒಪ್ಪಿಕೊಳ್ಳಬೇಕು. ಎಂಜಿನ್ನಿನ ಹಿಡಿತ ಬೀಳುವುದು ಮುಂಭಾಗದ ಹಿಂಚಕ್ರಗಳ ಮೇಲೆ ಮಾತ್ರ. ಮೊದಲ ಮಳೆಗೆ ಎಣ್ಣೆ, ಧೂಳು ಕಲಸಿ ಜಾರುವ ರಸ್ತೆಯಲ್ಲಿ ಖಾಲಿ ಟ್ರೈಲರ್ ಎಳೆಯುವವನು ಒಮ್ಮೆಲೇ ಕೆಳಗಿನ ಗೇರಿಗೆ ಬಂದರೆ ಅದೇ ಅಡಕತ್ತರಿಯನ್ನು ಮುಚ್ಚಬಹುದು. ಗಟ್ಟಿ ಬಂಡಿಯ ವಿದ್ಯೆ ಮಡಚುವ ಬಂಡಿಗೆ ಪೂರ್ತಿ ಸಾಲದು. ಹೊಸ ವಿದ್ಯೆಯನ್ನು ಹೇಳಿಕೊಡುವವರೂ ವಿರಳ.

ಸಾಲದೆಂಬಂತೆ 2018ರ ಜುಲೈಯಲ್ಲಿ ಆಕ್ಸಲ್ ಭಾರದ ಮಿತಿ ಏರಿಸಿ, ಟ್ರೈಲರಿನ ಒಟ್ಟು ತೂಕವನ್ನು 49 ಟನ್ನಿನಿಂದ 55ಕ್ಕೆ ಕೊಂಡೊಯ್ದರು. ನ್ಯಾಷನಲ್ ಪರ್ಮಿಟ್ ಲಾರಿಗೆ ಇಬ್ಬರು ಚಾಲಕರಿರಬೇಕೆಂಬ ಷರತ್ತನ್ನು ಕಿತ್ತುಹಾಕಿದ್ದೂ ಅದೇ ವರ್ಷ. ಆ ಷರತ್ತು ಕಾಗದದ ಮೇಲಷ್ಟೇ ಇತ್ತು ಎನ್ನುವವರಿದ್ದಾರೆ, ನಿಜ. ಆದರೆ ಕಾಗದದ ಮೇಲಿದ್ದಾಗ ಅದನ್ನು ಮುರಿದ ಮಾಲೀಕನನ್ನು ಕೇಳಬಹುದಿತ್ತು, ಈಗ ಕೇಳಲು ಕಾಗದವೂ ಇಲ್ಲ. ಸಾರಿಗೆ ಕಾರ್ಮಿಕನಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆ ದುಡಿಮೆ ಎಂದು 1961ರ ಕಾಯ್ದೆಯೇ ಹೇಳಿತ್ತು. ರಾತ್ರಿ ಹೊರಟು ಬೆಳಗ್ಗೆ ಹಡಗಿನ ಹೊತ್ತಿಗೆ ಮುಟ್ಟಬೇಕಾದವನಿಗೆ ಅದು ಪಂಚಾಂಗದ ಶುಭಮುಹೂರ್ತವಿದ್ದ ಹಾಗೆ, ಓದಲಿಕ್ಕಷ್ಟೇ ಚೆಂದ.

ಟ್ರೈಲರ್ ಮಡಚಿ ಬಿದ್ದ ಮೇಲೆ ಎಫ್ಐಆರ್‌ನಲ್ಲಿ ಬರುವ ಮಾತು ಮಾತ್ರ ಬದಲಾಗಿಲ್ಲ: ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ. ಪತ್ರಿಕೆಯಲ್ಲಿ ಚಾಲಕನ ನಿಯಂತ್ರಣ ತಪ್ಪಿ. ಮೋಟಾರು ವಾಹನ ನಿರೀಕ್ಷಕರ ವರದಿಯ ಕೊನೆಗೆ, ಅಪಘಾತ ಯಾಂತ್ರಿಕ ದೋಷದಿಂದ ಆದದ್ದಲ್ಲ ಎಂಬ ಸಾಲು. ಚಾಲಕನ ತಪ್ಪೇ ಇಲ್ಲ ಎಂದು ಯಾರೂ ಹೇಳಲಾರರು. 2022ರ ನವೆಂಬರ್‌ನಲ್ಲಿ ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ, ಪುಣೆಯ ನವಲೆ ಸೇತುವೆಯ ಇಳಿಜಾರಿನಲ್ಲಿ ಒಂದು ಲಾರಿ ಹತ್ತಾರು ವಾಹನಗಳಿಗೆ ಬಡಿದಾಗ, ಚಾಲಕ ಎಂಜಿನ್ ಆರಿಸಿ ಇಳಿಸುತ್ತಿದ್ದನೆಂದು ಪೊಲೀಸರು ಹೇಳಿದರು. ಉಸ್ತಾದನ ಕೈಗೆ ಸಿಕ್ಕಿದ್ದರೆ ಕೆನ್ನೆಗೆ ಬೀಳುತ್ತಿತ್ತು. ಆದರೆ ಇಳಿಜಾರಿನಲ್ಲಿ ಎಂಜಿನ್ ಆರಿಸುವ ಚಟ ಹುಟ್ಟುವುದು ಡೀಸೆಲ್ ಉಳಿಸಿದರೆ ಕೈಗೆ ನಾಲ್ಕು ಕಾಸು ಎಂಬ ಕಡೆ. ಆ ಲೆಕ್ಕ ಬರೆಯುವವನು ಸ್ಟೇರಿಂಗ್ ಹಿಡಿದಿರುವುದಿಲ್ಲ.

ಕಾನೂನಿನಲ್ಲಿ ದಾರಿಯೇ ಇಲ್ಲವೇ ಎಂದರೆ, ಧಾರಾಳವಾಗಿದೆ. ಹೊರೆ ಮೀರಿದ ಬಂಡಿಯನ್ನು ಓಡಿಸಿದವನಿಗಷ್ಟೇ ಅಲ್ಲ, ಓಡಿಸಲು ಹಚ್ಚಿದವನಿಗೂ ಬಿಟ್ಟವನಿಗೂ ಮೋಟಾರು ವಾಹನ ಕಾಯ್ದೆಯ 194ನೇ ಕಲಂ ದಂಡ ಹಾಕುತ್ತದೆ: 20,000 ರೂಪಾಯಿ, ಮೇಲೆ ಹೆಚ್ಚುವರಿ ಟನ್ನಿಗೆ 2,000. ಚಾಲಕ ಬೇರೆ, ಮಾಲೀಕ ಬೇರೆ ಆಗಿದ್ದರೆ ಮಾಲೀಕನಿಗೆ ಗೊತ್ತಿದ್ದೇ ಹೊರೆ ಹೇರಿದ್ದು ಎಂದು ನ್ಯಾಯಾಲಯ ಭಾವಿಸಬಹುದು ಎನ್ನುತ್ತದೆ 113ನೇ ಕಲಂ. ಕೆಟ್ಟ ವಿನ್ಯಾಸದ ರಸ್ತೆಯಿಂದ ಜೀವ ಹೋದರೆ ಗುತ್ತಿಗೆದಾರನಿಗೂ ಇಲಾಖೆಗೂ ಒಂದು ಲಕ್ಷದವರೆಗೆ ದಂಡವನ್ನು 2019ರ ತಿದ್ದುಪಡಿ ತಂದಿದೆ. ಬ್ರೇಕ್ ಫೇಲಾಯಿತು ಸ್ವಾಮಿ ಎಂಬ ಹಳೆಯ ಸಬೂಬು ಪರಿಹಾರದ ಕೋರ್ಟಿನಲ್ಲಿ ಸುಮ್ಮನೆ ನಡೆಯದು. ಕಾಲಕಾಲಕ್ಕೆ ನೋಡಿಕೊಂಡಿದ್ದೆ, ದೋಷ ಕಣ್ಣಿಗೆ ಬೀಳುವಂಥದ್ದಾಗಿರಲಿಲ್ಲ ಎಂದು ಮಾಲೀಕನೇ ತೋರಿಸಬೇಕು. ಟೈರು ಸಿಡಿದು ಪಾದಚಾರಿ ಸತ್ತ ಪ್ರಕರಣವೊಂದರಲ್ಲಿ, 2001ರಲ್ಲಿ, ನಿರ್ಲಕ್ಷ್ಯ ಸಾಬೀತಾಗದಿದ್ದರೂ ಮಾಲೀಕನ ಹೊಣೆ ತಪ್ಪದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಇಷ್ಟೆಲ್ಲ ಇದ್ದೂ ಹೊರೆ ಹೇರಿಸಿದ ಗೋದಾಮಿನವನು ಕಟಕಟೆ ಹತ್ತಿದ್ದನ್ನು ಕಾಣುವುದು ಅಪರೂಪ.

ನೊಂದವರಿಗೆ ವಿಮೆ ಕಂಪನಿ ಹೇಗೂ ಕೊಡುತ್ತದಲ್ಲ, ತಪ್ಪು ಯಾರದಾದರೇನು ಎನ್ನುತ್ತಾರೆ ಕೆಲವರು. ಸತ್ತವರ ಮನೆಯ ಮಟ್ಟಿಗೆ ಈ ಮಾತಿಗೆ ತೂಕವಿದೆ. ತಪ್ಪು ಯಾರದೆಂದು ಕೇಳದೆಯೇ ಸಾವಿಗೆ 5 ಲಕ್ಷ ಕೊಡಿಸುವ ಕಲಂ ಈಗ ಇದೆ, ಇರಲೇಬೇಕು. ಆದರೆ ಮೂರನೆಯವರ ವಿಮೆಯ ಕಂತು ನಿಗದಿಯಾಗುವುದು ಬಂಡಿಯ ತೂಕದ ಮೇಲೆ. ಬ್ರೇಕ್ ನೋಡಿಕೊಳ್ಳುವ ಮಾಲೀಕನೂ ನೋಡಿಕೊಳ್ಳದವನೂ ಕಟ್ಟುವುದು ಒಂದೇ ದರ. ಎಚ್ಚರಕ್ಕೆ ಬೆಲೆ ಕೊಡದ ಕಡೆ ಎಚ್ಚರಕ್ಕೆ ಖರ್ಚು ಮಾಡುವವನು ಪೆದ್ದನಾಗುತ್ತಾನೆ. ಇನ್ನು ಕೆಲವರು ಎಬಿಎಸ್ ತೋರಿಸುತ್ತಾರೆ. 2015ರಿಂದೀಚೆಗೆ ಹೊಸ ಭಾರಿ ವಾಹನಗಳಿಗೆ ಅದು ಕಡ್ಡಾಯ, ಚಕ್ರ ಕಚ್ಚದಂತೆ ತಡೆಯುವುದೂ ಹೌದು. ಹೊಸ ಎಂಜಿನ್ನಿನ ಹಿಂದೆ ಹಳೆಯ ಟ್ರೈಲರ್ ಸಿಕ್ಕಿಸಿದರೆ, ನಡುವಿನ ಕೇಬಲ್ ತುಂಡಾಗಿ ನೇತಾಡುತ್ತಿದ್ದರೆ, ಆ ಯಂತ್ರ ಅರ್ಧ ಬಂಡಿಯನ್ನಷ್ಟೇ ಕಾಯುತ್ತದೆ. ಕೇಬಲ್ ಸಿಕ್ಕಿಸಿದೆಯೇ ಎಂದು ಇಳಿದು ನೋಡುತ್ತಿದ್ದವನಿಗೇ ನಾವು ಕ್ಲೀನರ್ ಎನ್ನುತ್ತಿದ್ದದ್ದು.

ಪಂಚನಾಮೆಗೆ ಬಂದವರು ರಸ್ತೆಯ ಅಗಲ, ಟೈರು ಉಜ್ಜಿದ ಗುರುತಿನ ಉದ್ದ ಅಳೆದು ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಹಿಂದೆ ಮೈಲುಗಟ್ಟಲೆ ವಾಹನ ನಿಂತು, ಕ್ರೇನು ಬಂದು ಗೂಟ ಬಿಡಿಸಿ ಎರಡು ಭಾಗವನ್ನೂ ಎರಡು ಕಡೆಗೆ ಎಳೆಯುತ್ತದೆ. ನಜ್ಜುಗುಜ್ಜಾದ ಎಂಜಿನ್ ಭಾಗ ಠಾಣೆಯ ಮುಂದಿನ ಬೇಲಿಯಲ್ಲಿ ಮಳೆ ತಿನ್ನುತ್ತ ಕೂರುತ್ತದೆ. ಟ್ರೈಲರಿಗೆ ಹೆಚ್ಚೇನೂ ಆಗಿರುವುದಿಲ್ಲ. ಬಿಡುಗಡೆಯಾದದ್ದೇ ತಡ, ಇನ್ನೊಂದು ಎಂಜಿನ್ನಿಗೆ ಸಿಕ್ಕಿಕೊಂಡು ಅದೇ ಬ್ರೇಕಿನಲ್ಲಿ ಬಂದರಿಗೆ ಹೊರಡುತ್ತದೆ.