ಕೈಟಿನೇಸ್ ಎಂಬ ಕತ್ತರಿ

ಶಿಲೀಂಧ್ರದ ಕೋಶಗೋಡೆಯಲ್ಲಿ ಕೈಟಿನ್ ಇರುತ್ತೆ. ಏಡಿಯ ಚಿಪ್ಪಲ್ಲಿರೋದೂ ಅದೇ. ಗಿಡದ ಮೈಯಲ್ಲಿ ಮಾತ್ರ ಅದಿಲ್ಲ. ಹಾಗಾಗಿ ಕೈಟಿನ್ ಕಂಡರೆ ಗಿಡಕ್ಕೆ ಕಳ್ಳ ಬಂದ ಅಂತಲೇ ಲೆಕ್ಕ. ಹೊನ್ನಾಳಿಯ ಗದ್ದೆಯಲ್ಲಿ ಭತ್ತಕ್ಕೆ ಬೆಂಕಿರೋಗ ತಗುಲಿದರೆ, ಗಿಡ ಕೈಟಿನೇಸ್ ಅನ್ನೋ ಕಿಣ್ವ ಬಿಟ್ಟು ಆ ಗೋಡೆಯನ್ನ ಕತ್ತರಿಸುತ್ತೆ. ಉದುರಿದ ಚೂರುಗಳನ್ನ ಗುರುತಿಸಿ ಎಲೆ ಇನ್ನಷ್ಟು ಎಚ್ಚರವಾಗುತ್ತೆ. ಶಿಲೀಂಧ್ರವೂ ಕಮ್ಮಿ ಇಲ್ಲ, ಆ ಚೂರುಗಳನ್ನ ಬಚ್ಚಿಡೋಕೇ ಒಂದು ಪ್ರೋಟೀನ್ ಇಟ್ಟುಕೊಂಡಿದೆ! ಜಗಳೂರಿನ ಮೆಕ್ಕೆಜೋಳದ ಕಾಳಲ್ಲೂ ಈ ಕಿಣ್ವ ಇದೆ, ಮೊಳೆಯೋ ಮುಂಚೆಯೇ ಕಾವಲು.

ಇದನ್ನೆಲ್ಲ ಓದಬೇಕಾಗಿ ಬಂದದ್ದು ಚನ್ನಗಿರಿಯ ನಮ್ಮ ಭಾವನಿಂದ. ಯಾವುದೋ ಅಂಗಡಿಯವನು ಬಾಟಲಿಯೊಂದನ್ನ ತೋರಿಸಿ, ಇದು ಹೊಡೆದರೆ ಅಡಿಕೆಗೆ ಕೈಟಿನೇಸ್ ಹೆಚ್ಚಾಗಿ ಕೊಳೆರೋಗ ಬರೋದೇ ಇಲ್ಲ, ಬೋರ್ಡೋ ಬೇಡ ಅಂದನಂತೆ. "ಮರ ಹತ್ತೋರು ಸಿಗಲ್ಲ ಕಣೋ, ಒಂದು ಸಲ ಹೊಡೆದು ಬಿಡೋಣ ಅಂತಿದೀನಿ" ಅಂದ್ರು ಭಾವ.

ಎಡವಟ್ಟು ಇರೋದು ಅಲ್ಲೇ. ಕೊಳೆರೋಗದ ಫೈಟಾಫ್ತೊರಾ ನೋಡೋಕೆ ಬೂಸ್ಟು, ಸಂಬಂಧದಲ್ಲಿ ಕಂದು ಪಾಚಿಗೆ ಹತ್ತಿರ. ಅದರ ಗೋಡೆ ಹೆಚ್ಚಾಗಿ ಗ್ಲುಕಾನ್, ಸೆಲ್ಯುಲೋಸ್. ಕೈಟಿನ್ ಇಲ್ಲವೆನ್ನುವಷ್ಟು ಕಮ್ಮಿ. ಕತ್ತರಿ ಹರಿತವಾಗಿದ್ದೂ ಕತ್ತರಿಸೋಕೆ ಬಟ್ಟೆಯೇ ಇಲ್ಲ.

ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಈ ರೋಗದ ಬಗ್ಗೆ 1910ರಲ್ಲೇ ಬರೆದು, ಗೊನೆಗೆ ಬೋರ್ಡೋ ಹೊಡೆಯೋದನ್ನ ರೈತರಿಗೆ ಕಲಿಸಿದವರು. ಮೈಲುತುತ್ತ, ಸುಣ್ಣ, ಶೇ. 1ರ ದ್ರಾವಣ, ಮಳೆ ಹಿಡಿಯೋ ಮುಂಚೆ. ಅದನ್ನೇ ಭಾವನಿಗೆ ಹೇಳಿದೆ. "ಹಂಗಾದ್ರೆ ನ್ಯಾಮತಿ ಕಡೆ ಹುಡುಗರಿಗೆ ಈಗಲೇ ಮುಂಗಡ ಕೊಟ್ಟಿಡಬೇಕು" ಅಂದ್ರು.