ಕೊರಳಿನ ಕವಲು

ಮೂರು ವರ್ಷಗಳ ಹಿಂದೆ ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಗೆ ಭಕ್ತರೊಬ್ಬರ ಮನೆಯ ಬಿನ್ನಹಕ್ಕೆಂದು ಹೋಗಿದ್ದೆವು. ಪ್ರಸಾದವಾದ ಮೇಲೆ ಎಪ್ಪತ್ತರ ಸಮೀಪದ ಯಜಮಾನರು ಹತ್ತಿರ ಬಂದು ಕುಳಿತು, “ಬುದ್ಧಿ, ನೆನ್ನೆ ಆಲೆಮನೆಯಲ್ಲಿ ನಿಂತಿದ್ದಾಗ ಎಡಗಣ್ಣಿಗೆ ತೆರೆ ಇಳಿಬಿಟ್ಟ ಹಾಗಾಯಿತು. ಐದು ನಿಮಿಷಕ್ಕೆಲ್ಲ ಸರಿಹೋಯಿತು” ಎಂದರು. ಕೊಪ್ಪರಿಗೆಯ ಆವಿ, ಒಲೆಯ ಹೊಗೆಗಳಿಂದ ಹಾಗಾಗಿರಬೇಕು, ವಿಶ್ರಾಂತಿ ತೆಗೆದುಕೊಳ್ಳಿ ಎಂದೆವು. ಅವರೂ ಒಪ್ಪಿದರು. ಒಂಬತ್ತನೆಯ ದಿನ ಅವರ ಬಲಭಾಗಕ್ಕೆ ಲಕ್ವ ಹೊಡೆಯಿತು, ಮಾತು ನಿಂತುಹೋಯಿತು.

ಈ ಪ್ರಮಾದವನ್ನು ಅಜ್ಞಾನವೆಂದು ತಳ್ಳಿಹಾಕಲು ನಮಗೆ ಮುಖವಿಲ್ಲ. ಪಾಠಶಾಲೆಯಲ್ಲಿದ್ದಾಗ ಸುಶ್ರುತಸಂಹಿತೆಯಲ್ಲಿ, ಕೊರಳಿನ ಎರಡು ಪಾರ್ಶ್ವಗಳಲ್ಲಿಯೂ ನಾಲ್ಕು ನಾಲ್ಕರಂತೆ ಇರುವ ‘ಮಾತೃಕಾ’ ಎಂಬ ಸಿರಾಮರ್ಮಗಳ ವಿಷಯವನ್ನು ಓದಿದ್ದೆವು. ಬಳಿಕ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿಯಾಗಿ, ಕೊಳವೆಯಲ್ಲಿ ದ್ರವ ಹರಿಯುವ ಬಗೆಯನ್ನು ತಿಳಿಸುವ ಪ್ವಾಸೋಯ್‌ನ ಸೂತ್ರವನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆದಿದ್ದೆವು. ಆ ಫ್ರೆಂಚ್ ವಿದ್ವಾಂಸನು ವೈದ್ಯನೆಂಬುದನ್ನಾಗಲಿ, 1840ರ ಸುಮಾರಿಗೆ ಅವನು ಸೂಕ್ಷ್ಮವಾದ ಗಾಜಿನ ಕೊಳವೆಗಳಲ್ಲಿ ನೀರು ಹರಿಸಿ ನೋಡಿದ್ದು ರಕ್ತಸಂಚಾರದ ಮರ್ಮವನ್ನರಿಯಲೆಂದೇ ಎಂಬುದನ್ನಾಗಲಿ ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

“ರಕ್ತ ಗಟ್ಟಿಯಾಗಿತ್ತು” ಎಂದು ಊರಿನವರು ಆಡಿಕೊಂಡರು. ಮಾತಿನಲ್ಲಿ ಅರ್ಧ ಸತ್ಯವಿದೆ. ರಕ್ತದ ಸ್ನಿಗ್ಧತೆಯು ನೀರಿಗಿಂತ ಸುಮಾರು ಮೂರು ನಾಲ್ಕು ಪಟ್ಟು ಹೆಚ್ಚು. ಅದರ ಪರಿಮಾಣದಲ್ಲಿ ನೂರಕ್ಕೆ ನಲವತ್ತರಷ್ಟು ಕೆಂಪುಕಣಗಳೇ. ಹರಿವು ನಿಧಾನವಾದಲ್ಲಿ ಈ ಕಣಗಳು ನಾಣ್ಯಗಳನ್ನು ಒಂದರ ಮೇಲೊಂದು ಜೋಡಿಸಿಟ್ಟಂತೆ ಅಂಟಿಕೊಂಡು ರಕ್ತ ಇನ್ನಷ್ಟು ಮಂದವಾಗುತ್ತದೆ. ರಭಸವಿದ್ದಲ್ಲಿ ಬಿಡಿಬಿಡಿಯಾಗಿ ಸಲೀಸಾಗಿ ಸಾಗುತ್ತವೆ. ಆದರೆ ಆ ಹಳೆಯ ಸೂತ್ರವನ್ನೇ ಕೇಳಿ: ಸ್ನಿಗ್ಧತೆ ಇಮ್ಮಡಿಯಾದರೆ ಹರಿವು ಅರ್ಧವಾಗುತ್ತದೆ, ಕೊಳವೆಯ ತ್ರಿಜ್ಯ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿಡಿಯುವ ಧಮನಿ ಗಾಜಿನ ಕೊಳವೆಯಲ್ಲ, ಲೆಕ್ಕ ಯಥಾವತ್ತಾಗಿ ಹೊಂದದು. ಆದರೂ ದೋಷವನ್ನು ದ್ರವಕ್ಕಿಂತ ಮೊದಲು ದಾರಿಯಲ್ಲಿ ಹುಡುಕಬೇಕೆಂಬುದು ಸ್ಪಷ್ಟ.

ದಾರಿ ಕೆಡುವ ಸ್ಥಳವೂ ಬಹುಮಟ್ಟಿಗೆ ನಿಶ್ಚಿತವೇ. ಗಂಟಲಮಣಿಯ ಮೇಲಂಚಿನ ಮಟ್ಟದಲ್ಲಿ ಶೀರ್ಷಧಮನಿಯು ಕವಲೊಡೆಯುತ್ತದೆ. ಒಳಗವಲು ಮಿದುಳಿಗೂ ಕಣ್ಣಿಗೂ, ಹೊರಗವಲು ಮುಖಕ್ಕೂ ನೆತ್ತಿಗೂ ರಕ್ತವನ್ನು ಒಯ್ಯುತ್ತದೆ. ಒಳಗವಲಿನ ಬುಡ ತುಸು ಉಬ್ಬಿದೆ. ಆ ಉಬ್ಬಿನ ಹೊರಗೋಡೆಯ ಬಳಿ ರಕ್ತವು ಹಿಂದುಮುಂದಾಗಿ ಸುಳಿದು ಮಂದವಾಗುತ್ತದೆ. ಕೊಬ್ಬು ಕೂಡುವುದು ಅಲ್ಲಿಯೇ. ನಾಲೆಯ ನೀರಿನಲ್ಲಿ ಕಬ್ಬು ಬೆಳೆಯುವ ನಮ್ಮ ಮಂಡ್ಯದ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ: ಹೂಳು ನಿಲ್ಲುವುದು ನೀರು ಓಡುವಲ್ಲಿ ಅಲ್ಲ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೀಡಿ ಇವು ಈ ಹೂಳನ್ನು ಬೆಳೆಸುತ್ತವೆ. ಯಜಮಾನರಿಗೆ ಮೂರೂ ಇದ್ದವು.

ಹೂಳಿನ ಮೇಲೆ ಕಟ್ಟಿದ ಹೆಪ್ಪಿನ ಚೂರೊಂದು ಕಳಚಿ ಕಣ್ಣಿನ ಸಣ್ಣ ಧಮನಿಗೆ ಸೇರಿದರೆ ತೆರೆ ಇಳಿದಂತಾಗುತ್ತದೆ. ಚೂರು ಕರಗಿದರೆ ತೆರೆ ಏಳುತ್ತದೆ. ಮುಂದಿನ ಚೂರು ಮಿದುಳಿಗೆ ಹೋಗಬಹುದು. ಎಡ ಮಿದುಳು ಬಲಗೈ ಬಲಗಾಲನ್ನು ಆಳುತ್ತದೆ. ಬಹುಜನರಲ್ಲಿ ಮಾತೂ ಅದರ ವಶ. ಇಂತಹ ಸೂಚನೆ ಕಂಡವರಲ್ಲಿ ನೂರಕ್ಕೆ ಎಪ್ಪತ್ತು ಅಥವಾ ಅದಕ್ಕೂ ಮಿಗಿಲಾಗಿ ದಾರಿ ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆಯು ಲಕ್ವವನ್ನು ಬಹುವಾಗಿ ತಡೆಯುವುದೆಂದು 1991ರಲ್ಲಿ ಉತ್ತರ ಅಮೆರಿಕದ ವೈದ್ಯರು ಸಿದ್ಧಪಡಿಸಿದರು. ಸೂಚನೆ ಕಂಡ ಎರಡು ವಾರಗಳೊಳಗೆ ಮಾಡಿದರೆ ಫಲ ಹೆಚ್ಚು. ಮೈಸೂರಿನಲ್ಲಿ ವೈದ್ಯರು ತೆರೆಯ ಮೇಲೆ ಆ ಕವಲಿನ ಚಿತ್ರವನ್ನು ತೋರಿಸಿ ಇದನ್ನು ಹೇಳುತ್ತಿದ್ದಾಗ, ನಾವು ಕಳೆದ ಒಂಬತ್ತು ದಿನಗಳನ್ನು ಎಣಿಸುತ್ತಿದ್ದೆವು.

ಮೊನ್ನೆ ಪೂರಿಗಾಲಿಗೆ ಮತ್ತೆ ಹೋದಾಗ ಯಜಮಾನರು ಜಗುಲಿಯ ಮೇಲಿದ್ದರು. ಕೋಲು ಹಿಡಿದು ನಡೆಯುತ್ತಾರೆ. ಮಾತು ಎರಡು ಮೂರು ಶಬ್ದಗಳಷ್ಟು ಬಂದಿದೆ. ಮಾತ್ರೆಯ ವಿಷಯ ಕೇಳಿದೆವು. ಮಗ ತಲೆ ತಗ್ಗಿಸಿ, “ರಕ್ತ ತೆಳು ಮಾಡೋ ಮಾತ್ರೆ ಬುದ್ಧಿ. ರಕ್ತ ನೀರಾದರೆ ಅಪ್ಪನಿಗೆ ಶಕ್ತಿ ಎಲ್ಲಿಂದ ಬರಬೇಕು ಅಂತ ಹತ್ತು ದಿನದಿಂದ ನಿಲ್ಲಿಸಿದ್ದೀವಿ” ಎಂದನು. ಆಸ್ಪಿರಿನ್ ಮಾತ್ರೆಯು ರಕ್ತವನ್ನು ನೀರಾಗಿಸುವುದಿಲ್ಲ, ಹೆಪ್ಪು ಕಟ್ಟುವ ಪ್ಲೇಟ್‌ಲೆಟ್ ಕಣಗಳು ಪರಸ್ಪರ ಅಂಟದಂತೆ ತಡೆಯುತ್ತದೆ, ಅಷ್ಟೇ ಎಂದು ಈ ಬಾರಿ ನಿಧಾನವಾಗಿ ಕುಳಿತು ಹೇಳಿದೆವು. ಮಗನು ನಮ್ಮೆದುರಿಗೇ ವೈದ್ಯರಿಗೆ ದೂರವಾಣಿ ಮಾಡಿ ಕೇಳಿ, ಒಳಗಿನಿಂದ ಮಾತ್ರೆ ತಂದನು. ಯಜಮಾನರು ಎಡಗೈಯಿಂದ ನೀರಿನ ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡರು.